ಅರಸೀಕೆರೆಯ ತೆಂಗು ಬೆಳೆಗಾರರಿಗೂ ಕೊಬ್ಬರಿ ವರ್ತಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಬೆಳೆಗಾರ ಬಂಧುಗಳೇ, ಮಂಡಿಯ ಮಹನೀಯರೇ, ತೋಟದ ಭಾರವನ್ನು ಹೊತ್ತ ತಾಯಂದಿರೇ,

ಉಂಡೆ ಕೊಬ್ಬರಿಯ ಧಾರಣೆಯು 2023ರಲ್ಲಿ ಸರ್ಕಾರವೇ ಗೊತ್ತುಮಾಡಿದ್ದ 11,750 ರೂಪಾಯಿಗಳ ಬೆಂಬಲ ಬೆಲೆಗಿಂತ ಕ್ವಿಂಟಾಲಿಗೆ ಮೂರು ಸಾವಿರದಷ್ಟು ಕೆಳಗಿಳಿದು, ರೈತರು ಪಹಣಿಯನ್ನು ಕೈಯಲ್ಲಿ ಹಿಡಿದು ಖರೀದಿ ಕೇಂದ್ರಗಳ ಮುಂದೆ ನೋಂದಣಿಗಾಗಿ ಸಾಲುನಿಂತದ್ದನ್ನು ಕಂಡವರಿಗೆ, ಅದೇ ಸರಕು 2025ರ ನಡುವಿನಲ್ಲಿ 12,100 ರೂಪಾಯಿಗಳ ಬೆಂಬಲ ಬೆಲೆಯ ಇಮ್ಮಡಿಯನ್ನೂ ಮೀರಿ ಮಾರಾಟವಾದದ್ದು ಸಂತೋಷವನ್ನೂ ವಿಸ್ಮಯವನ್ನೂ ಒಟ್ಟಿಗೆ ಉಂಟುಮಾಡಿದ ಸಂಗತಿಯಾಗಿದೆ. ನಿಮ್ಮ ಸಂತೋಷದಲ್ಲಿ ನಾನೂ ಭಾಗಿ. ಬಹುಕಾಲ ಸಾಲದಲ್ಲಿ ತೊಳಲಿದ ಮನೆಗೆ ಎರಡು ಕಾಸು ಬಂದಾಗ ನೆರೆಯವನು ಉಪದೇಶಕ್ಕೆ ಹೊರಡುವುದು ಸಭ್ಯತೆಯಲ್ಲ ಎಂಬುದನ್ನು ನಾನು ಬಲ್ಲೆ. ಆದರೂ ಕೆಲವು ಮಾತುಗಳನ್ನು ಬೆಲೆ ಇಲ್ಲದ ಕಾಲದಲ್ಲಿ ಹೇಳಿದರೆ ಅವು ಗಾಯದ ಮೇಲೆ ಎಳೆದ ಬರೆಯಾಗುತ್ತವೆ. ಬೆಲೆ ಬಂದ ಕಾಲದಲ್ಲಿ ಹೇಳದಿದ್ದರೆ ಮತ್ತೆ ಹೇಳುವ ಸಂದರ್ಭವೇ ಒದಗುವುದಿಲ್ಲ. ನಾನು ನಿವೇದಿಸಬೇಕೆಂದಿರುವುದು ನಿಮ್ಮ ಕೊಬ್ಬರಿಯ ವಿಷಯವನ್ನು ಎಷ್ಟೋ ಅಷ್ಟೇ ನಿಮ್ಮ ಕೆರೆಯ ವಿಷಯವನ್ನು. ಮತ್ತು ಇವೆರಡೂ ಬೇರೆಬೇರೆ ಖಾತೆಗಳಲ್ಲಿ ಬರೆಯತಕ್ಕ ವಿಷಯಗಳಲ್ಲ ಎಂಬುದೇ ಈ ಪತ್ರದ ತಿರುಳು.

ನಿಮ್ಮ ಪಟ್ಟಣವು ಕೆರೆಯ ದಡದಲ್ಲಿ ಹುಟ್ಟಿತು ಎನ್ನುವುದಕ್ಕಿಂತ ಕೆರೆಯೇ ಪಟ್ಟಣವನ್ನು ಹೆತ್ತಿತು ಎನ್ನುವುದು ಹೆಚ್ಚು ಸಮಂಜಸವಾದೀತು. ಹೊಯ್ಸಳರ ಕಾಲದಲ್ಲಿ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿದು ಎಂದು ಪರಂಪರೆಯು ಹೇಳುತ್ತದೆ. ಆಕೆಯ ಹೆಸರನ್ನು ಮಾತ್ರ ಜನ ಉಳಿಸಿಕೊಳ್ಳಲಿಲ್ಲ. ಇದೇ ಊರು ಶಾಸನಗಳಲ್ಲಿ ಉದ್ಭವ ಸರ್ವಜ್ಞವಿಜಯ ಬಲ್ಲಾಳಪುರವೆಂಬ ದೀರ್ಘವಾದ ರಾಜನಾಮವನ್ನೂ ಧರಿಸಿತ್ತು. ಎರಡನೆಯ ವೀರಬಲ್ಲಾಳನ ಪ್ರತಾಪವನ್ನು ಸಾರುತ್ತಿದ್ದ ಆ ಹೆಸರು ಕಲ್ಲಿನ ಮೇಲೆಯೇ ಉಳಿಯಿತು. ನೀರಿಗೆ ಹೋಗುವ ಹೆಂಗಸರ ಬಾಯಲ್ಲಿ ಕೆರೆಯ ಹೆಸರೇ ಗೆದ್ದಿತು. 1220ರ ಸುಮಾರಿಗೆ ನಿಮ್ಮಲ್ಲಿ ಎದ್ದ ಶಿವಾಲಯವನ್ನು ನೋಡಿದವರಿಗೆ ಆ ಕಾಲದ ಸಮೃದ್ಧಿಯ ಪರಿಮಾಣವನ್ನು ಬಣ್ಣಿಸಬೇಕಾದ ಅಗತ್ಯವಿಲ್ಲ. ಬೇಲೂರು ಹಳೇಬೀಡುಗಳ ಭಿತ್ತಿಗಳ ಮೇಲಿನ ಶಿಲ್ಪಸಂದಣಿ ಇಲ್ಲಿಲ್ಲ; ಆದರೆ ಹದಿನಾರು ಮೊನೆಗಳ ನಕ್ಷತ್ರದಂತೆ ಹರಡಿಕೊಂಡು, ಗುಮ್ಮಟದಂತಹ ಒಳಮಾಳಿಗೆಯನ್ನು ಹೊತ್ತು ನಿಂತ ಆ ತೆರೆದ ಮಂಟಪದಂತಹುದು ಆ ರಾಜಧಾನಿಗಳಲ್ಲಿಯೂ ಇಲ್ಲ. ಅದೇ 1220ರಲ್ಲಿ ದಂಡನಾಯಕ ರೇಚರಸನು ಇದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಶೈವರ ದೇಗುಲವೊಂದು, ಜೈನರ ಬಸದಿಯೊಂದು, ಒಂದೇ ಕಾಲಘಟ್ಟದಲ್ಲಿ, ರಾಜಧಾನಿಯಲ್ಲದ ಊರೊಂದರಲ್ಲಿ ಏಳಬೇಕಾದರೆ, ಅದಕ್ಕೆ ಬೇಕಾದ ಅಕ್ಕಿ ಎಣ್ಣೆಗಳೂ, ಶಿಲ್ಪಿಗೆ ಕೊಡುವ ಹೊನ್ನೂ, ಅರ್ಚಕನಿಗೆ ಬಿಡುವ ಗದ್ದೆಯೂ ಎಲ್ಲಿಂದ ಬಂದವು?

ಅವು ಕೆರೆಯ ತೂಬಿನ ಕೆಳಗಿನಿಂದ ಬಂದವು. ವರ್ಷಕ್ಕೆ ಎಪ್ಪತ್ತು ಸೆಂಟಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ನಿಮ್ಮದು. ಅದೇ ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರದಲ್ಲಿ ಇನ್ನೂರು ಸೆಂಟಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. ಒಂದೇ ಜಿಲ್ಲಾಧಿಕಾರಿಯ ಆಡಳಿತಕ್ಕೆ ಒಳಪಟ್ಟಿದ್ದರೂ ಒಂದೇ ಮೋಡದ ಕೃಪೆಗೆ ಒಳಪಟ್ಟವರಲ್ಲ ನೀವು. ಇಂಥ ನೆಲದಲ್ಲಿ ನಾಲ್ಕಾರು ದಿನಗಳ ಜೋರುಮಳೆಯನ್ನು ತಡೆದು ನಾಲ್ಕಾರು ತಿಂಗಳ ನೀರನ್ನಾಗಿ ಮಾಡಿಕೊಳ್ಳುವ ವಿದ್ಯೆಯೇ ನಾಗರಿಕತೆಯ ಮೊದಲ ಮೆಟ್ಟಿಲಾಗಿತ್ತು. ಏರಿ, ತೂಬು, ಕೋಡಿ, ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಹರಿಯುವ ಹಳ್ಳ, ಹೀಗೆ ಒಂದಕ್ಕೊಂದು ಕೈಹಿಡಿದ ವ್ಯವಸ್ಥೆಯು ಹಳೆಯ ಮೈಸೂರಿನಲ್ಲಿ ಎಷ್ಟು ದಟ್ಟವಾಗಿತ್ತೆಂದರೆ, 1866ರಲ್ಲಿ ಇದನ್ನು ಪರಿಶೀಲಿಸಿದ ಮೇಜರ್ ಸ್ಯಾಂಕಿ ಎಂಬ ಬ್ರಿಟಿಷ್ ಇಂಜಿನಿಯರನು, ಸಂಸ್ಥಾನದ ವಿಸ್ತಾರದಲ್ಲಿ ನೂರಕ್ಕೆ ಅರವತ್ತರಷ್ಟು ಭಾಗದ ನೀರು ಕೆರೆಗಳ ಹಿಡಿತಕ್ಕೆ ಸಿಕ್ಕಿದೆಯೆಂದೂ, ಹೊಸ ಕೆರೆಯೊಂದಕ್ಕೆ ತಕ್ಕ ಜಾಗವನ್ನು ಹುಡುಕುವುದೇ ಜಾಣ್ಮೆಯ ಕೆಲಸವಾದೀತೆಂದೂ ಬೆರಗಿನಿಂದ ದಾಖಲಿಸಿದನು. ಪರಾಧೀನವಾಗಿದ್ದ ಕಾಲದಲ್ಲಿ ಪರಕೀಯ ಅಧಿಕಾರಿಯೊಬ್ಬನ ಬಾಯಿಂದ ಹೊರಟ ಈ ಪ್ರಶಂಸೆಯನ್ನು ನಾವು ಆಗಾಗ ಹೆಮ್ಮೆಯಿಂದ ಸ್ಮರಿಸುತ್ತೇವೆ. ಹಾಗೆ ಸ್ಮರಿಸುವಾಗ ಕೆರೆಗಳಲ್ಲಿ ಅದೆಷ್ಟು ಹೂಳು ತುಂಬಿದೆಯೆಂಬುದನ್ನು ಸೇರಿಸಿ ಹೇಳುವ ಅಭ್ಯಾಸ ನಮಗಿಲ್ಲ.

ಈ ಕೆರೆಗಳು ದೊರೆಯೊಬ್ಬನ ಔದಾರ್ಯದಿಂದ ಕಟ್ಟಲ್ಪಟ್ಟು ಆಮೇಲೆ ತಮ್ಮಷ್ಟಕ್ಕೆ ತಾವು ಬಾಳಿದವುಗಳಲ್ಲ. ನಮ್ಮ ಶಾಸನಗಳನ್ನು ತಿರುವಿ ಹಾಕಿದರೆ ಕೆರೆ ಕಟ್ಟಿಸಿದವನ ಹೊಗಳಿಕೆಯ ಬೆನ್ನಿಗೇ ಅದರ ರಕ್ಷಣೆಗೆ ಬಿಟ್ಟ ಉಂಬಳಿಯ ಲೆಕ್ಕವು ಬರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಮೊದಲಾದ ಏರ್ಪಾಡುಗಳೆಲ್ಲ ಈ ಬಗೆಯವು: ಕೆರೆಯ ನೀರಿನಿಂದ ಬೆಳೆದುದರಲ್ಲಿ ಒಂದು ಪಾಲು, ಅಥವಾ ಕೆರೆಯ ಕೆಳಗಿನ ಗದ್ದೆಯ ಒಂದು ತುಂಡು, ಕೆರೆಯ ದುರಸ್ತಿಯ ಸಲುವಾಗಿಯೇ ಮೀಸಲು. ನೀರುಗಂಟಿಯ ಕೂಲಿಯೂ, ಹೂಳನ್ನು ಹೊತ್ತು ಏರಿಯ ಮೇಲೆ ಸುರಿಯುವ ಬಂಡಿಯ ಖರ್ಚೂ ಹುಟ್ಟುತ್ತಿದ್ದುದು ಇಂಥ ಮೀಸಲಿನಿಂದ. ಅಂದಿನ ವ್ಯವಸ್ಥೆಯಲ್ಲಿ ಸಮಾನತೆಯಿತ್ತೆಂದು ಹೇಳುವಷ್ಟು ಭೋಳೆತನ ನನಗಿಲ್ಲ. ತೂಬಿನ ಹತ್ತಿರದ ಗದ್ದೆ ಯಾರದಾಗಿತ್ತು, ಹೂಳೆತ್ತುವ ಬಿಟ್ಟಿ ದುಡಿಮೆ ಯಾರ ಹೆಗಲಿಗೆ ಬೀಳುತ್ತಿತ್ತು ಎಂಬುದನ್ನು ನಾವೆಲ್ಲರೂ ಊಹಿಸಬಲ್ಲೆವು. ಆದರೆ ಫಲವನ್ನುಂಡವನು ಮೂಲಕ್ಕೆ ಪಾಲು ಕೊಡಬೇಕೆಂಬ ನಿಯಮವಾದರೂ ಕಲ್ಲಿನಲ್ಲಿ ಕೊರೆದ ನಿಯಮವಾಗಿತ್ತು.

ಹೊಯ್ಸಳರ ತರುವಾಯದ ಶತಮಾನಗಳನ್ನು ನಾನು ಬೇಗನೆ ದಾಟುತ್ತೇನೆ. ವಿಜಯನಗರದ ಕಾಲ ಮುಗಿದ ಮೇಲೆ ಊರು ಕೈಯಿಂದ ಕೈಗೆ ಸಾಗಿತು, ಮರಾಠರ ದಂಡಯಾತ್ರೆಗಳ ಪೆಟ್ಟನ್ನೂ ತಿಂದಿತು, ಕೊನೆಗೆ ಮೈಸೂರಿನ ಅರಸರ ಆಳ್ವಿಕೆಯಲ್ಲಿ ಒಂದು ಸಾಧಾರಣ ಗ್ರಾಮವಾಗಿ ನೆಲೆಗೊಂಡಿತು. ತಾಲ್ಲೂಕಿನ ಕಚೇರಿಯೂ ನಿಮ್ಮಲ್ಲಿರಲಿಲ್ಲ; ಅದು ಹಾರನಹಳ್ಳಿಯಲ್ಲಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯು ತನ್ನ ಜನರಲ್ಲಿ ಐದನೆಯ ಒಂದು ಭಾಗದಷ್ಟನ್ನು ಕಳೆದುಕೊಂಡಿತು. ಆ ದುರಂತದ ನೆನಪು ಮಾಸುವ ಮುನ್ನವೇ ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಮೀಟರ್ ಗೇಜ್ ರೈಲುದಾರಿಯು ತುಮಕೂರು ತಿಪಟೂರುಗಳನ್ನು ಹಾದು, ನಿಮ್ಮ ಊರನ್ನು ಮುಟ್ಟಿ, 1889ರ ಹೊತ್ತಿಗೆ ಹರಿಹರವನ್ನು ಸೇರಿತು. ಇನ್ನೊಂದು ಕವಲು 1918ರ ವೇಳೆಗೆ ಮೈಸೂರಿನಿಂದ ಹಾಸನದ ಮೇಲೆ ಬಂದು ಇಲ್ಲಿ ಕೂಡಿತು. ಅಂದಿನಿಂದ ಅರಸೀಕೆರೆ ಎಂದರೆ ನಾಡಿನವರಿಗೆ ಜಂಕ್ಷನ್; ಮಧ್ಯರಾತ್ರಿಯಲ್ಲಿ ಗಾಡಿ ಬದಲಾಯಿಸುವ ಊರು. ತಾಲ್ಲೂಕಿನ ಕಚೇರಿ ಇಲ್ಲಿಗೆ ಬಂದಿತು, ಅಂಗಡಿಗಳು ಬಂದವು, ಮಂಡಿಗಳು ಬಂದವು. ಕಸ್ತೂರಬಾ ಸ್ಮಾರಕ ಟ್ರಸ್ಟಿನ ಕರ್ನಾಟಕ ಶಾಖೆಯು ನಿಮ್ಮ ಊರನ್ನೇ ತನ್ನ ನೆಲೆಯಾಗಿ ಆರಿಸಿಕೊಂಡುದಕ್ಕೂ ಎಲ್ಲ ದಿಕ್ಕುಗಳಿಂದ ಬಂದು ಸೇರಬಹುದಾದ ಈ ಸೌಕರ್ಯವು ಒಂದು ಕಾರಣವಾಗಿದ್ದಿರಬಹುದು. ಇತ್ತ ಹಾರನಹಳ್ಳಿಯ ಪಾಲಿಗೆ ಅದರ ಹೊಯ್ಸಳ ದೇಗುಲಗಳು ಮಾತ್ರ ಉಳಿದವು. ಕೆರೆಯು ಹೆತ್ತ ಊರನ್ನು ರೈಲು ಸಾಕಿ ಬೆಳೆಸಿತು. ಇಂದು ಐವತ್ತು ಸಾವಿರವನ್ನು ಮೀರಿದ ಜನಸಂಖ್ಯೆಯ ನಗರವಾಗಿ ಅದು ನಿಂತಿದೆ.

ರೈಲು ಬಂದುದರಿಂದ ಏನಾಯಿತೆಂದರೆ, ಊರಿನ ಐಶ್ವರ್ಯವು ಗದ್ದೆಯಿಂದ ತೋಟಕ್ಕೆ ಜರುಗಿತು. ಭತ್ತವನ್ನು ಬೆಳೆದ ಊರವರೇ ಉಂಡು ಮುಗಿಸಬಹುದು; ಕೊಬ್ಬರಿಯನ್ನು ಹಾಗೆ ಮುಗಿಸಲಾಗದು. ನಿಮ್ಮ ಉಂಡೆ ಕೊಬ್ಬರಿಯ ನಿಜವಾದ ಗಿರಾಕಿಯು ದೆಹಲಿ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿದ್ದಾನೆ. ಅಲ್ಲಿ ಅದು ಎಣ್ಣೆಯ ಸರಕಲ್ಲ. ಮದುವೆಯ ತಟ್ಟೆಯಲ್ಲಿ, ದೀಪಾವಳಿಯ ಸಿಹಿಯಲ್ಲಿ, ಚಳಿಗಾಲದ ಒಣಹಣ್ಣುಗಳ ಸಾಲಿನಲ್ಲಿ ಬಾದಾಮಿ ದ್ರಾಕ್ಷಿಗಳ ಜೊತೆಗೆ ಇಡುವ ಮರ್ಯಾದೆಯ ವಸ್ತು. ಕೇರಳದವರು ಹೋಳುಮಾಡಿ ಬಿಸಿಲಿಗೊಣಗಿಸಿ ಗಾಣಕ್ಕೆ ಕಳುಹಿಸುವ ಕೊಬ್ಬರಿಗೂ ನಿಮ್ಮ ಅಖಂಡವಾದ ಉಂಡೆಗೂ ಇರುವ ವ್ಯತ್ಯಾಸವನ್ನು ಸರ್ಕಾರದ ಬೆಲೆಪಟ್ಟಿಯೇ ಎರಡು ಬೇರೆ ಸಾಲುಗಳಲ್ಲಿ ಬರೆದು ಒಪ್ಪಿಕೊಳ್ಳುತ್ತದೆ.

ಈ ಉಂಡೆಯು ಹೇಗೆ ಆಗುತ್ತದೆಂಬುದನ್ನು ನಿಮಗೆ ವಿವರಿಸುವುದು ಮೀನಿಗೆ ಈಜು ಕಲಿಸಿದಂತೆಯೇ ಸರಿ. ಆದರೂ ಈ ಪತ್ರವನ್ನು ಓದಬಹುದಾದ ಪಟ್ಟಣವಾಸಿಗಳ ಸಲುವಾಗಿ, ಮತ್ತು ನನ್ನ ವಾದಕ್ಕೆ ಅದೇ ಅಡಿಗಲ್ಲಾದ್ದರಿಂದ, ಒಂದೆರಡು ಮಾತು ಹೇಳುತ್ತೇನೆ. ಚೆನ್ನಾಗಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಅಟ್ಟವೆಂದರೆ ಹಲಗೆಗಳ ನಡುವೆ ಸಂದು ಬಿಟ್ಟು, ಕೆಳಗಿನಿಂದ ಗಾಳಿಯಾಡುವಂತೆ ಕಟ್ಟಿದ ಮಾಳಿಗೆ. ಕೆಳಗೆ ದನ ಕಟ್ಟುವುದೂ ಉಂಟು, ಈಗ ತೋಟದಲ್ಲೇ ಬೇರೆ ಶೆಡ್ಡು ಹಾಕುವುದೂ ಉಂಟು. ಅಲ್ಲಿ ಕಾಯಿಯು ಎಂಟು ತಿಂಗಳು, ಹತ್ತು ತಿಂಗಳು, ಒಮ್ಮೊಮ್ಮೆ ಒಂದು ವರ್ಷ ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಚಿಪ್ಪಿನ ಅಂಟನ್ನು ತಾನಾಗಿ ಬಿಡುತ್ತದೆ. ಅನುಭವಸ್ಥರು ಕಾಯಿಯೊಂದನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ: ನೀರು ಕುಲುಕುವ ಸದ್ದು ನಿಂತು, ಉಂಡೆಯು ಚಿಪ್ಪಿಗೆ ತಾಗಿ ಲೊಟಲೊಟ ಎಂದರೆ ಕಾಲ ಕೂಡಿಬಂದಿತೆಂದು ಅರ್ಥ. ಆಮೇಲೆ ಮಟ್ಟೆ ಸುಲಿಯುವವರು ಬರುತ್ತಾರೆ. ಅವರ ಹಿಂದೆ ಚಿಪ್ಪು ಬಿಡಿಸುವ ಹೆಂಗಸರು. ಅಂಗಳದಲ್ಲಿ ಸಾಲಾಗಿ ಕುಳಿತು, ಎಡಗೈಯಲ್ಲಿ ಕಾಯಿಯನ್ನು ತಿರುಗಿಸುತ್ತಾ, ಬಲಗೈಯ ಕತ್ತಿಯ ಬೆನ್ನಿನಿಂದ ಚಿಪ್ಪಿನ ಸುತ್ತ ತಟ್ಟುತ್ತಾ, ಒಳಗಿನ ಉಂಡೆಗೆ ಗೀರೂ ಬೀಳದಂತೆ ಕವಚವನ್ನು ಕಳಚಿಹಾಕುವ ಅವರ ಕೈಚಳಕಕ್ಕೆ ಯಾವ ಯಂತ್ರವೂ ಇನ್ನೂ ಸರಿಸಾಟಿಯಾಗಿಲ್ಲ. ಒಂದು ಏಟು ಹೆಚ್ಚಾದರೆ ಉಂಡೆ ಒಡೆದು ಚೂರಿನ ರಾಶಿಗೆ ಬೀಳುತ್ತದೆ. ಚೂರಿಗೆ ಉಂಡೆಯ ಬೆಲೆಯಿಲ್ಲ. ಎಂಟುನೂರರಿಂದ ಸಾವಿರ ಕಾಯಿಗಳ ಚಿಪ್ಪನ್ನು ಹೀಗೆ ಕಳಚಿದಾಗ ಒಂದು ಕ್ವಿಂಟಾಲು. ಧಾರಣೆಯು ಇಮ್ಮಡಿಸಿದ ವರ್ಷದಲ್ಲಿ ಆ ಹೆಂಗಸರ ಕೂಲಿಯೂ ಅದೇ ಪ್ರಮಾಣದಲ್ಲಿ ಏರಿತೇ ಎಂಬುದನ್ನು ನಿಮ್ಮ ನಿಮ್ಮ ಲೆಕ್ಕದ ಪುಸ್ತಕಗಳಲ್ಲಿ ನೀವೇ ನೋಡಿಕೊಳ್ಳಬೇಕೆಂದು ವಿನಂತಿಸಿ ಮುಂದುವರಿಯುತ್ತೇನೆ.

ಇಲ್ಲಿ ಗಮನಿಸತಕ್ಕದ್ದು ಕಾಲ. ತೆಂಗಿನ ಹೊಂಬಾಳೆಯು ಹೊರಗೆ ಒಡೆಯುವುದಕ್ಕೆ ಸುಮಾರು ಎರಡೂವರೆ ವರ್ಷ ಮೊದಲೇ ಅದರ ಅಂಕುರವು ಸುಳಿಯೊಳಗೆ ಮೂಡಿರುತ್ತದೆ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಬಲಿತ ಕಾಯಿ ಅಟ್ಟದಲ್ಲಿ ಕೊಬ್ಬರಿಯಾಗಲು ಮತ್ತೂ ಒಂದು ವರ್ಷ. ಆದ್ದರಿಂದ ಇಂದು ನಿಮ್ಮ ಮಂಡಿಯ ತಕ್ಕಡಿಯ ಮೇಲಿರುವ ಉಂಡೆಯೊಂದು ನಾಲ್ಕು ವರ್ಷಗಳ ಹಿಂದಿನ ಮಳೆಯನ್ನೂ ಬರಗಾಲವನ್ನೂ ತನ್ನೊಳಗೆ ಹೊತ್ತುಕೊಂಡು ಬಂದಿದೆ. ರಾಗಿಯು ಬರದ ಸುದ್ದಿಯನ್ನು ಆ ವರ್ಷವೇ ಹೇಳಿಬಿಡುತ್ತದೆ. ತೆಂಗು ಹಾಗಲ್ಲ, ಅದು ಬರಗಾಲದಲ್ಲಿ ಹಸಿರಾಗಿಯೇ ನಿಂತು, ಮಳೆಯು ಮರಳಿ ಬಂದು ನೀವು ನಿಟ್ಟುಸಿರು ಬಿಟ್ಟ ಮೇಲೆ, ಸಣ್ಣ ಗೊನೆಯನ್ನೂ ಹರಳುದುರಿದ ಹೊಂಬಾಳೆಯನ್ನೂ ಮುಂದಿಟ್ಟು ಹಳೆಯ ಬಾಕಿಯನ್ನು ಕೇಳುತ್ತದೆ.

ಈ ದೃಷ್ಟಿಯಿಂದ 2025ರ ಬೆಲೆಯನ್ನು ಮತ್ತೊಮ್ಮೆ ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವು ಘೋಷಿಸಿತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ಕಡೆಗೂ ಹಬ್ಬಿದ ನುಸಿಯ ಬಾಧೆ ಪೂರ್ತಿಯಾಗಿ ತೊಲಗಿರಲಿಲ್ಲ. 2016ರಲ್ಲಿ ಪೊಳ್ಳಾಚಿಯ ಕಡೆಯಿಂದ ಹೊರಟ ಬಿಳಿನೊಣವು ಗರಿಗಳ ಮೇಲೆ ಮಸಿ ಬಳಿದಿತ್ತು. ಕಪ್ಪುತಲೆ ಹುಳುವೂ ಅಣಬೆ ರೋಗವೂ ಇದ್ದೇ ಇದ್ದವು. ನೀರಿಲ್ಲದೆ ಸೊರಗಿದ ಮರವೇ ಇವುಗಳಿಗೆಲ್ಲ ಸುಲಭದ ತುತ್ತೆಂಬುದು ನಿಮ್ಮ ಊರಿನಲ್ಲೇ ಇರುವ ತೋಟಗಾರಿಕೆ ಸಂಶೋಧನಾ ಕೇಂದ್ರದವರನ್ನು ಕೇಳಿದರೂ ತಿಳಿಯುತ್ತದೆ, ಕೇಳದಿದ್ದರೂ ತಿಳಿಯುತ್ತದೆ. ಇವುಗಳ ಜೊತೆಗೆ ಬೆಂಗಳೂರಿನವರೆಗೆ ಲಾರಿಗಳಲ್ಲಿ ಹೋಗುವ ಎಳನೀರು. ಅಟ್ಟದಲ್ಲಿ ವರ್ಷಗಟ್ಟಲೆ ಕಾಯುವುದಕ್ಕಿಂತ ಮರದ ಬುಡದಲ್ಲೇ ನಗದು ಎಣಿಸುವುದು ಮೇಲೆಂದು, ಬೆಲೆ ನೆಲಕಚ್ಚಿದ್ದ 2023ರಲ್ಲಿ ಎಷ್ಟೋ ಮಂದಿ ಎಳಸನ್ನೇ ಕೊಯ್ಯಿಸಿದರು. ಅವರನ್ನು ದೂರುವವರು ಅವರ ಸಾಲದ ಬಡ್ಡಿಯನ್ನು ಕಟ್ಟಲು ಮುಂದೆ ಬರಬೇಕು. ಹೀಗೆ ಮರದಲ್ಲಿ ಕಾಯಿ ಕಡಿಮೆಯಾಗಿ, ಇದ್ದುದರಲ್ಲೂ ಒಂದು ಪಾಲು ಅಟ್ಟವನ್ನು ಏರದೆ ಹೋಗಿ, ಸರಕು ತೆಳುವಾದಾಗ ಧಾರಣೆಯು ನೆಗೆಯಿತು. ನಿಮ್ಮ ಕೈಗೆ ಬಂದ ಹಣದಲ್ಲಿ ಒಂದಂಶವು ನಿಮ್ಮದೇ ತೋಟಗಳ ನಷ್ಟದ ಮತ್ತೊಂದು ಮುಖವೆಂದು ನಾನು ಹೇಳಿದರೆ ಕಟುವಾದೀತೇನೋ. ಆದರೆ ಬೆಲೆ ಏರಿದ ತಿಂಗಳಲ್ಲಿ ಮಾರಲು ಕಾಯಿಯೇ ಇಲ್ಲದೆ ಕೈಕಟ್ಟಿ ಕುಳಿತ ಸಣ್ಣ ಹಿಡುವಳಿದಾರನು ನಿಮ್ಮಲ್ಲೇ ಇದ್ದಾನೆ. ಅವನಿಗೆ ನನ್ನ ಮಾತು ಹೊಸದಾಗಿ ತೋರದು.

ಈಗ ಕೆರೆಯ ವಿಷಯಕ್ಕೆ ಬರುತ್ತೇನೆ. ಗದ್ದೆಯು ತೋಟವಾದಾಗ ಕೆರೆಗೂ ರೈತನಿಗೂ ಇದ್ದ ಪ್ರತ್ಯಕ್ಷ ಸಂಬಂಧವು ಸಡಿಲವಾಯಿತು. ಗದ್ದೆಯವನು ದಿನಬೆಳಗಾದರೆ ತೂಬಿನ ಕಡೆಗೆ ನೋಡಬೇಕಾಗಿತ್ತು. ತೋಟದವನು ಬಾವಿಯ ಕಡೆಗೆ ನೋಡಿದರೆ ಸಾಕಾಯಿತು. ಆ ಬಾವಿಗೆ ನೀರು ಬರುತ್ತಿದ್ದುದು ಕೆರೆಯ ಅಂಗಳದಿಂದ ಇಂಗಿ ಹರಿದ ಒರತೆಯಿಂದಲೇ ಆದರೂ, ಕಣ್ಣಿಗೆ ಕಾಣದ ಆ ನಂಟನ್ನು ನೆನೆಯುವವರು ಕಡಿಮೆಯಾದರು. ತರುವಾಯ ಕೊಳವೆಬಾವಿ ಬಂದಿತು. ಮೊದಲು ನೂರೈವತ್ತು ಇನ್ನೂರು ಅಡಿ. ಈಗ ಸಾವಿರ ಅಡಿ ಕೊರೆದವರೂ ಧೂಳನ್ನಷ್ಟೇ ಕಂಡು ಲಾರಿಯವನಿಗೆ ಹಣ ಎಣಿಸಿಕೊಟ್ಟದ್ದುಂಟು. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಅರಸೀಕೆರೆಯ ಹೆಸರು ಸೇರಿ ವರ್ಷಗಳಾದವು. ತೆಂಗಿನ ಮರವೊಂದಕ್ಕೆ ಹನಿನೀರಾವರಿಯಲ್ಲಿಯೂ ಬೇಸಿಗೆಯಲ್ಲಿ ದಿನಕ್ಕೆ ಐವತ್ತು ಲೀಟರಿನ ಆಸುಪಾಸು ನೀರು ಬೇಕು. ನೂರು ಮರಗಳಿರುವ ಎರಡು ಎಕರೆಯ ಸಾಧಾರಣ ತೋಟಕ್ಕೆ ಅದು ಐದು ಸಾವಿರ ಲೀಟರು, ಅಂದರೆ ಪ್ರತಿದಿನವೂ ಒಂದು ಟ್ಯಾಂಕರು. 2016ರ ಮುಂದಿನ ಬರಗಳಲ್ಲಿ ಹೀಗೆ ಟ್ಯಾಂಕರಿನ ನೀರನ್ನು ಕೊಂಡು ಮರಗಳ ಬುಡಕ್ಕೆ ಸುರಿದವರೂ, ಸುರಿಯಲಾರದೆ ಸುಳಿ ಒಣಗಿದ ಮರಗಳನ್ನು ಕಡಿಸಿ ಸೌದೆಗೆ ಮಾರಿದವರೂ ನೀವೇ ಅಲ್ಲವೇ?

ಪಟ್ಟಣದ ಕಡೆಯಿಂದಲೂ ಕೆರೆಗೆ ಬೆನ್ನು ತಿರುಗಿತು. ಹೇಮಾವತಿಯ ನೀರು ಕೊಳವೆಯಲ್ಲಿ ಹರಿದು ನಲ್ಲಿಗೆ ಬಂದ ಮೇಲೆ ಕೆರೆಯು ಕುಡಿಯುವ ನೀರಿನ ಆಸರೆಯಾಗಿ ಉಳಿಯಲಿಲ್ಲ. ಆಡಳಿತದಲ್ಲಿಯೂ ಕೆರೆಗಳನ್ನು ಹರಿದು ಹಂಚಿದ್ದಾಯಿತು: ಅಚ್ಚುಕಟ್ಟು ನಲವತ್ತು ಹೆಕ್ಟೇರಿಗಿಂತ ಮೇಲಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕೆಳಗಿದ್ದರೆ ಪಂಚಾಯಿತಿಗೆ, ಊರೊಳಗಿನ ಚರಂಡಿ ನಗರಸಭೆಗೆ, ಜಲಾನಯನದ ಗುಡ್ಡ ಅರಣ್ಯ ಇಲಾಖೆಗೆ ಅಥವಾ ಕಂದಾಯಕ್ಕೆ. ಒಂದೇ ಹನಿ ನೀರು ಗುಡ್ಡದಿಂದಿಳಿದು ತೂಬನ್ನು ಸೇರುವಷ್ಟರಲ್ಲಿ ನಾಲ್ಕು ಕಚೇರಿಗಳ ಕಡತಗಳನ್ನು ದಾಟಬೇಕಾಗಿದೆ. ಕೆರೆಗಳ ಸಂರಕ್ಷಣೆಗೆಂದು 2014ರಲ್ಲಿ ರಾಜ್ಯವು ಒಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಅದಕ್ಕೆ ಮುಂಚೆ ವಿಶ್ವಬ್ಯಾಂಕಿನ ನೆರವಿನಿಂದ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟುವ ಯತ್ನವೂ ನಡೆದಿತ್ತು. ಯೋಜನೆಯ ಹಣ ಬರುವವರೆಗೆ ಇಂಥ ಸಂಘಗಳು ಸಭೆ ಸೇರುತ್ತವೆ, ಹಣ ಮುಗಿದ ಮೇಲೆ ಅಧ್ಯಕ್ಷರ ಮನೆಯ ಗೋಡೆಯ ಮೇಲೆ ಉದ್ಘಾಟನೆಯ ಭಾವಚಿತ್ರವಾಗಿ ಉಳಿಯುತ್ತವೆ. ಇದು ಹಲವು ತಾಲ್ಲೂಕುಗಳಲ್ಲಿ ಕಂಡ ಮಾತು. ನಿಮ್ಮ ಊರ ಹೆಸರನ್ನು ಹೊತ್ತ ಕೆರೆ, ಕಂತೇನಹಳ್ಳಿಯ ಕೆರೆ, ಇವುಗಳ ಇಂದಿನ ಸ್ಥಿತಿಯನ್ನು ನಿಮಗೆ ಹೇಳಲು ನಾನು ಯಾರು? ನೀವು ಪ್ರತಿದಿನವೂ ಅವುಗಳ ಮಗ್ಗುಲಲ್ಲಿ ಹಾದುಹೋಗುವವರು.

ನೀವು ಹೇಳಬಹುದಾದ ಉತ್ತರವೊಂದು ನನಗೆ ಗೊತ್ತಿದೆ: ಎತ್ತಿನಹೊಳೆ ಬರುತ್ತದೆ. ಸಕಲೇಶಪುರದ ಮಗ್ಗುಲಿನ ಹಳ್ಳಗಳಿಂದ 24 ಟಿ.ಎಂ.ಸಿ. ನೀರನ್ನು ಎತ್ತಿ ಪೂರ್ವದ ಬಯಲಿಗೆ ಹರಿಸುವ ಆ ಯೋಜನೆಯ ಅಂದಾಜು ವೆಚ್ಚವು 2012ರಲ್ಲಿ 8,323 ಕೋಟಿಯಾಗಿದ್ದುದು ಏರುತ್ತಾ ಏರುತ್ತಾ 23,251 ಕೋಟಿಯನ್ನು ಮುಟ್ಟಿದೆ. 2024ರ ಸೆಪ್ಟೆಂಬರ್ 6ರಂದು ಅದರ ಮೊದಲ ಹಂತಕ್ಕೆ ಚಾಲನೆಯೂ ದೊರೆಯಿತು. ಕಾಲುವೆಯು ನಿಮ್ಮ ತಾಲ್ಲೂಕಿನ ನೆಲದ ಮೇಲೆಯೇ ಹಾದುಹೋಗುತ್ತದೆ. ನೀರು ಬರಲಿ, ನಿಮ್ಮ ಕೆರೆಗಳಿಗೂ ಪಾಲು ದಕ್ಕಲಿ. ಘಟ್ಟದ ಕಾಡಿಗೆ ಆದ ಹಾನಿಯ ಪ್ರಶ್ನೆಯನ್ನು ನಾನು ಈ ಪತ್ರದಲ್ಲಿ ಎತ್ತುವುದಿಲ್ಲ, ಅದು ಬೇರೊಂದು ಪತ್ರದಷ್ಟು ದೊಡ್ಡದು. ಆದರೆ ಈ ನೀರಿನ ಕೊನೆಯ ವಾರಸುದಾರರು ಕೋಲಾರ ಚಿಕ್ಕಬಳ್ಳಾಪುರಗಳ ಜನ, ನೀವು ದಾರಿಯವರು. ಎತ್ತುವ ಯಂತ್ರವು ನಿಂತ ದಿನ, ಮಲೆನಾಡಿನಲ್ಲಿಯೇ ಮಳೆ ಹಿಂಜರಿದ ವರ್ಷ, ಮೊದಲು ಮುಚ್ಚುವ ಬಾಗಿಲು ದಾರಿಯವರದು. ಅಷ್ಟಲ್ಲದೆ, ಹೊರಗಿನ ನೀರು ಬಂದರೂ ನಿಲ್ಲಬೇಕಾದದ್ದು ಇದೇ ಕೆರೆಯಲ್ಲಿ ತಾನೆ? ಹೂಳು ತುಂಬಿ ಅರ್ಧಕ್ಕೆ ಇಳಿದ ಪಾತ್ರಕ್ಕೆ ಎತ್ತಿನಹೊಳೆಯ ನೀರೂ ಅರ್ಧವೇ ಹಿಡಿಯುತ್ತದೆ.

ಆಕಾಶದ ನೀರಿಗೆ ಬರಗಾಲವೇ ಬಂದಿದೆ ಎನ್ನುವಂತೆಯೂ ಇಲ್ಲ. 2022ರಲ್ಲಿ ದಕ್ಷಿಣದ ಬಯಲುಸೀಮೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿಬಿದ್ದುದನ್ನು ನೀವೆಲ್ಲರೂ ಕಂಡಿರಿ. ಪಟ್ಟೆಸೀರೆಯುಟ್ಟು ಬಾಗಿನ ಅರ್ಪಿಸಿದ್ದೂ ಆಯಿತು, ಮಂತ್ರಿ ಶಾಸಕರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಬಂದದ್ದೂ ಆಯಿತು. ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದ ಊರುಗಳೂ ಹಲವು. ಹಳ್ಳದ ದಾರಿಯಲ್ಲಿ ನಿವೇಶನವೆದ್ದಾಗ ನೀರು ತನ್ನ ಹಳೆಯ ಪಹಣಿಯನ್ನು ಹಿಡಿದುಕೊಂಡು ಬರುವುದು ಸಹಜವೇ. ಅದಾದ ಒಂದೇ ವರ್ಷಕ್ಕೆ ಮೇಲೆ ಹೇಳಿದ 2023ರ ಬರ. ಒಂದು ವರ್ಷ ಕೋಡಿ, ಮರುವರ್ಷ ಬರ: ಇಂಥ ಆಕಾಶದ ಕೆಳಗೆ ಬಾಳುವವರಿಗೆ ಕೂಡಿಡುವುದೊಂದೇ ಗತಿಯೆಂಬುದನ್ನು, ಕಾಯಿಯನ್ನು ವರ್ಷಗಟ್ಟಲೆ ಅಟ್ಟದಲ್ಲಿ ಕೂಡಿಟ್ಟು ಬದುಕು ಕಟ್ಟಿಕೊಂಡ ನಿಮಗೆ ಬೇರೆ ಯಾರು ಕಲಿಸಬೇಕು? ನಾಡಿನ ಉಳಿದ ಬೆಳೆಗಾರರಿಗೆ ಇಲ್ಲದ ತಾಳ್ಮೆ ನಿಮ್ಮ ಕಸುಬಿನಲ್ಲೇ ಇದೆ. ಆ ತಾಳ್ಮೆಯು ಮನೆಯ ಮಾಳಿಗೆಯನ್ನು ದಾಟಿ ಕೆರೆಯ ಅಂಗಳವನ್ನು ಮುಟ್ಟದೇ ಹೋದದ್ದು ನನಗೆ ಆಶ್ಚರ್ಯವಾಗಿದೆ.

ಆದ್ದರಿಂದ ನನ್ನ ಸಲಹೆಯು ಇಷ್ಟು. ಶಾಸನಕಾಲದ ದಸವಂದದಂತೆ ಹತ್ತರಲ್ಲೊಂದು ಪಾಲನ್ನು ನಾನು ಕೇಳುವುದಿಲ್ಲ. ಇಂದಿನ ಖರ್ಚುವೆಚ್ಚಗಳಲ್ಲಿ ಅದು ಅನ್ಯಾಯವಾದೀತು. ನಿಮ್ಮ ಮಾರುಕಟ್ಟೆಯಲ್ಲಿ ಕೈಬದಲಾಗುವ ಪ್ರತಿ ಕ್ವಿಂಟಾಲು ಕೊಬ್ಬರಿಯ ಮೇಲೆ, ಧಾರಣೆಯು ಬೆಂಬಲ ಬೆಲೆಗಿಂತ ಮೇಲಿದ್ದಾಗ ಮಾತ್ರ, ಮಾರುವವನೂ ಕೊಳ್ಳುವವನೂ ಸಮವಾಗಿ ಒಂದು ಸಣ್ಣ ಮೊತ್ತವನ್ನು ಕೆರೆಯ ಪಾಲಾಗಿ ಕೊಡತಕ್ಕದ್ದು. ಧಾರಣೆ ಇಳಿದಾಗ ಕೊಡಬೇಕಾಗಿಲ್ಲ. 2023ರಂತಹ ವರ್ಷದಲ್ಲಿ ರೈತನ ಚೀಲಕ್ಕೆ ಕೈಹಾಕುವ ಯಾವ ನಿಧಿಯೂ ಪುಣ್ಯದ ನಿಧಿಯಲ್ಲ. ಆ ಮೊತ್ತವನ್ನು ಮಂಡಿಯ ಪಟ್ಟಿಯಲ್ಲಿಯೇ ಪ್ರತ್ಯೇಕವಾದ ಸಾಲಿನಲ್ಲಿ ಬರೆಯಬೇಕು, ಬೆಳೆಗಾರರೂ ವರ್ತಕರೂ ಜಂಟಿಯಾಗಿ ರುಜು ಹಾಕುವ ಖಾತೆಯಲ್ಲಿ ಇಡಬೇಕು. ವರ್ಷಕ್ಕೊಮ್ಮೆ ಅದರ ಜಮಾಖರ್ಚನ್ನು ಮಾರುಕಟ್ಟೆಯ ಪ್ರಾಂಗಣದಲ್ಲಿ, ಆ ದಿನದ ಧಾರಣೆಯನ್ನು ಬರೆಯುವ ಹಲಗೆಯ ಪಕ್ಕದಲ್ಲಿಯೇ, ಎಲ್ಲರೂ ಓದುವಂತೆ ಅಂಟಿಸಬೇಕು. ಹಣವನ್ನು ದಡದ ಮೇಲೆ ಉದ್ಯಾನ, ಕಾರಂಜಿ, ಬಣ್ಣದ ದೀಪಗಳಿಗೆ ವ್ಯಯಿಸಲು ಬಹಳ ಜನ ಉತ್ಸಾಹದಿಂದ ಮುಂದೆ ಬರುವರು. ಅವರನ್ನು ಗೌರವದಿಂದ ಹಿಂದಕ್ಕೆ ಕಳುಹಿಸಿ. ಮೊದಲ ಖರ್ಚು ಕೆರೆಗೆ ನೀರು ತರುವ ಹಳ್ಳಗಳ ಸರ್ವೆಗೆ ಸಲ್ಲತಕ್ಕದ್ದು, ಎರಡನೆಯದು ಆ ಹಳ್ಳಗಳ ಮುಳ್ಳುಕಂಟಿಯನ್ನೂ ಕಟ್ಟಡದ ಕಸವನ್ನೂ ತೆಗೆಯುವುದಕ್ಕೆ. ಕೊಳೆನೀರನ್ನು ಬೇರೆ ದಾರಿಗೆ ತಿರುಗಿಸುವುದು ನಗರಸಭೆಯ ಕರ್ತವ್ಯ. ಆ ಕೆಲಸಕ್ಕೆ ನಿಮ್ಮ ಹಣವನ್ನು ಕೊಡಬೇಡಿ, ನಿಮ್ಮ ಒತ್ತಾಯವನ್ನು ಕೊಡಿ. ಹೂಳೆತ್ತುವುದು ಎಲ್ಲಕ್ಕೂ ಕೊನೆಗೆ. ನೀರಿನ ದಾರಿಯನ್ನು ತೆರೆಯದೆ ಹೂಳೆತ್ತಿಸಿದರೆ ಲಾಭವಾಗುವುದು ಜೆಸಿಬಿಯವನಿಗೂ ಇಟ್ಟಿಗೆ ಗೂಡಿನವನಿಗೂ ಮಾತ್ರ. ಎತ್ತಿದ ಗೋಡುಮಣ್ಣನ್ನು ತೋಟಗಳಿಗೆ ಹಂಚುವಾಗ ಟ್ರ್ಯಾಕ್ಟರು ಇದ್ದವನಿಗೆ ಮೊದಲು ಎಂಬ ಪದ್ಧತಿ ಬೇಡ. ಎರಡು ಎಕರೆಯವನ ಸರದಿಯನ್ನು ಮೊದಲು ಬರೆಯಿರಿ.

ಸರ್ವೆಯ ಕೆಲಸವು ಬೇಸಿಗೆಯಲ್ಲಿಯೇ ಆಗಬೇಕು. ಮುಂಗಾರು ಹಿಡಿದ ಮೇಲೆ ಹಳ್ಳವನ್ನು ಅಳೆಯಲಾಗದು, ಒತ್ತುವರಿ ಮಾಡಿದವನು ಬಿತ್ತನೆಯ ನೆಪವನ್ನೂ ಹೇಳುತ್ತಾನೆ. ಗ್ರಾಮನಕ್ಷೆಗಳು ತಾಲ್ಲೂಕು ಕಚೇರಿಯಲ್ಲಿ ಸಿಗುತ್ತವೆ. ಹಳೆಯ ನೀರುಗಂಟಿ ಮನೆತನದವರು ಯಾರಾದರೂ ಉಳಿದಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿರಿ, ನಕ್ಷೆಯಲ್ಲಿ ಬಿಟ್ಟುಹೋದ ಕಾಲುವೆಯನ್ನು ಅವರು ತೋರಿಸಿಯಾರು. ಅವರಿಗೂ, ಚಿಪ್ಪು ಬಿಡಿಸುವ ಹೆಂಗಸರ ಪೈಕಿ ಇಬ್ಬರಿಗೂ ನಿಧಿಯ ಸಮಿತಿಯಲ್ಲಿ ಸ್ಥಾನ ಕೊಡುವ ಬಗ್ಗೆ ನಿಮ್ಮ ಮೊದಲ ಸಭೆಯಲ್ಲಿಯೇ ತೀರ್ಮಾನವಾಗಲೆಂದು ಕೋರುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ನೆರೆಯ ಕಡೂರು ಸೀಮೆಯವನೊಬ್ಬ